ಕರ್ಣನಿಗೂ ಒಂದು ಮನೆ ಇತ್ತು



ಆಲ್ಡಿಯ ನಮ್ಮ ಮನೆಯ ಮೇಲೆ ಡಲಸ್ ವಿಮಾನ ನಿಲ್ದಾಣದ ವಿಮಾನಗಳು ಹಾದುಹೋಗುತ್ತಿರುತ್ತವೆ. "ಇದು ಅಜ್ಜಿ ಊರಿಗೆ ಹೋಗೋದಾ ಅಪ್ಪಾ?" ಎಂದು ಮಗಳು ಕೇಳುತ್ತಾಳೆ. ರಾತ್ರಿ ಮಲಗುವ ಮುಂಚೆ ಅವಳಿಗೆ ಕಥೆ ಆಗಲೇಬೇಕು. ಒಂದು ದಿನ ನಮ್ಮ ಭಾರತ, ಇನ್ನೊಂದು ದಿನ ಲೈಬ್ರರಿಯಿಂದ ತಂದ ಹೋಮರನ 'ಒಡಿಸ್ಸಿ'.

ಒಡಿಸ್ಸಿಯಸ್ 10 ವರ್ಷ ಟ್ರಾಯ್‌ನಲ್ಲಿ ಯುದ್ಧ ಮಾಡಿ, ಇನ್ನೂ 10 ವರ್ಷ ಅಲೆದು ಮನೆ ಸೇರುತ್ತಾನೆ. ಸಾವೇ ಇಲ್ಲದ ಬದುಕು ಕೊಡುತ್ತೇನೆಂದು ಕ್ಯಾಲಿಪ್ಸೋ ಆಸೆ ತೋರಿಸಿದರೂ ಅವನಿಗೆ ತನ್ನ ಇಥಾಕಾವೇ ಬೇಕು. ಅಲ್ಲಿ ಹೆಂಡತಿ ಪೆನೆಲೊಪೆ, ಮದುವೆಯಾಗು ಎಂದು ಕಾಡುವ 108 ಜನರನ್ನು ಸಾಗಹಾಕುತ್ತಾ ಕಾದಿರುತ್ತಾಳೆ. ವೇಷ ಮರೆಸಿಕೊಂಡು ಬಂದ ಒಡೆಯನನ್ನು ಮುದಿ ನಾಯಿ ಆರ್ಗೋಸ್ ಗುರುತು ಹಿಡಿದು ಪ್ರಾಣ ಬಿಡುತ್ತದೆ. (ವೀಸಾ, ಕೋವಿಡ್ ಅಂತ ಏಳು ವರ್ಷ ಬಿಟ್ಟು ನಾನು ಶಿವಮೊಗ್ಗಕ್ಕೆ ಹೋದಾಗ ನಮ್ಮ ಬೀದಿ ನಾಯಿ ಗೇಟಿನ ತನಕ ಅಟ್ಟಿಸಿಕೊಂಡು ಬಂತು, ಆ ಮಾತು ಬಿಡಿ!)

ನಮ್ಮ ಕರ್ಣನ ಕಥೆ ಇದಕ್ಕೆ ತೀರಾ ಉಲ್ಟಾ. ಕುಮಾರವ್ಯಾಸನ ಉದ್ಯೋಗಪರ್ವದಲ್ಲಿ ಕೃಷ್ಣನೇ ಅವನನ್ನು ರಥದಲ್ಲಿ ಕೂರಿಸಿಕೊಂಡು, ನೀನು ಕುಂತಿಯ ಹಿರಿಯ ಮಗ, ರಾಜ್ಯ ನಿನ್ನದು ಅನ್ನುತ್ತಾನೆ. ಮನೆಯೇ ಅವನ ಬಳಿಗೆ ಬಂದ ಹಾಗೆ! ಕರ್ಣನ ಕೊರಳು ಉಬ್ಬಿಬರುತ್ತದೆ, ಆದರೆ ಹೋಗುವುದಿಲ್ಲ. ಸೂತಪುತ್ರ ಅಂತ ತುಂಬಿದ ಸಭೆ ಹೀಯಾಳಿಸಿದಾಗ ಅಂಗರಾಜ್ಯ ಕೊಟ್ಟು ಪಕ್ಕದಲ್ಲಿ ಕೂರಿಸಿಕೊಂಡವನು ದುರ್ಯೋಧನ. ಅವನನ್ನು ಬಿಡುವುದು ಹೇಗೆ?

ಪಂಪನಂತೂ ಇನ್ನೂ ಸ್ವಾರಸ್ಯ. ಈಗಿನ ತೆಲಂಗಾಣದ ವೇಮುಲವಾಡದಲ್ಲಿ ಅರಿಕೇಸರಿಯ ಆಶ್ರಯದಲ್ಲಿದ್ದು, ಕ್ರಿ.ಶ. 941ರ ಸುಮಾರಿಗೆ ದೊರೆಯನ್ನೇ ಅರ್ಜುನನನ್ನಾಗಿ ಮಾಡಿ ಕಾವ್ಯ ಬರೆದ. ಆದರೂ ಕರ್ಣನ ಹೆಸರು ಬಂದಾಗ ಅವನ ಮನಸ್ಸು ಕರಗುತ್ತದೆ, ಬನವಾಸಿಯ ಹೆಸರು ಬಂದರಂತೂ ಕೇಳುವುದೇ ಬೇಡ. ಸಂಬಳ ಒಂದು ಕಡೆ, ಮನಸ್ಸು ಇನ್ನೊಂದು ಕಡೆ. ಥೇಟ್ ನಮ್ಮ ಹಾಗೆ ಅಲ್ಲವೇ?

ನಾನೂ ಬಹಳ ದಿನ ಕರ್ಣನ ಮಾತನ್ನೇ ಆಡಿಕೊಂಡಿದ್ದೆ. ಕೆಲಸ ಕೊಟ್ಟ ದೇಶ, ಮಗಳ ಸ್ಕೂಲು, ಅನ್ನದ ಋಣ ಇತ್ಯಾದಿ. ಅಮ್ಮ ಒಬ್ಬಳೇ ಇದ್ದಾಳೆ. "ಮುಂದಿನ ವರ್ಷ ಖಂಡಿತ" ಅನ್ನುತ್ತಲೇ ಮತ್ತೆ ನಾಲ್ಕು ವರ್ಷ ಕಳೆದೆ.

ಮೊನ್ನೆ ಮಗಳು ಕೇಳಿದಳು, "ಒಡಿಸ್ಸಿಯಸ್‌ಗೆ ಅಮ್ಮ ಇರಲಿಲ್ವಾ?" ಇದ್ದಳು, ಆಂಟಿಕ್ಲಿಯಾ ಅಂತ. ಮಗ ಯುದ್ಧಕ್ಕೆ ಹೊರಟಾಗ ಬದುಕಿದ್ದಳು. ಅವನು ಸತ್ತವರ ಲೋಕಕ್ಕೆ ಹೋದಾಗ ಅವಳನ್ನು ಅಲ್ಲಿ ನೋಡುತ್ತಾನೆ. ನಿನ್ನ ಕೊರಗಿನಲ್ಲೇ ಸತ್ತೆ ಮಗನೇ ಅನ್ನುತ್ತಾಳೆ. ಮೂರು ಸಲ ತಬ್ಬಿಕೊಳ್ಳಲು ಹೋಗುತ್ತಾನೆ, ಮೂರು ಸಲವೂ ನೆರಳಿನ ಹಾಗೆ ಜಾರಿಹೋಗುತ್ತಾಳೆ.

ಇದನ್ನು ಮಗಳಿಗೆ ಪೂರ್ತಿ ಹೇಳಲಿಲ್ಲ. ಅವಳು ಮಲಗಿದ ಮೇಲೆ ಲ್ಯಾಪ್‌ಟಾಪ್ ತೆಗೆದು ಡಿಸೆಂಬರ್ ಟಿಕೆಟ್ ನೋಡಿದೆ. ಮೂರು ಜನಕ್ಕೆ ವಿಪರೀತ ರೇಟು. ಬುಕ್ ಮಾಡಿ ಅಮ್ಮನಿಗೆ ಫೋನ್ ಮಾಡಿದೆ.

"ಎಷ್ಟು ದಿನಕ್ಕೋ?" ಎಂದು ಕೇಳಿದಳು.

"ಮೂರು ವಾರ ಅಮ್ಮಾ" ಅಂದೆ.