ದಕ್ಷತೆಯೆಂಬ ಮಾತು

ಈಚೆಗೆ ನನ್ನ ತರಗತಿಯಲ್ಲಿ ವಿದ್ಯಾರ್ಥಿಯೊಬ್ಬನು ಎದ್ದು ನಿಂತು, "ಮೀಸಲಾತಿಯಿಂದ ಆಡಳಿತದ ದಕ್ಷತೆ ಕುಂದುವುದಿಲ್ಲವೆ, ಸರ್?" ಎಂದು ಕೇಳಿದನು. ಪ್ರಶ್ನೆಯಲ್ಲಿ ಕುಹಕವಿರಲಿಲ್ಲ. ಆದರೆ, ತನ್ನ ಮನೆತನದಲ್ಲೇ ಮೊತ್ತಮೊದಲು ಕಾಲೇಜಿನ ಮೆಟ್ಟಿಲು ಹತ್ತಿದ ಹುಡುಗಿಯೊಬ್ಬಳು ಹಿಂದಿನ ಬೆಂಚಿನಲ್ಲಿ ತಲೆ ತಗ್ಗಿಸಿದುದನ್ನು ನಾನು ಕಂಡೆ. ನನ್ನ ಉತ್ತರ ಇಬ್ಬರಿಗೂ ಸಲ್ಲಬೇಕಾಗಿತ್ತು.

ಈ ಪ್ರಶ್ನೆ ನಮ್ಮ ನಾಡಿನಲ್ಲಿ ನೂರು ವರ್ಷಕ್ಕೂ ಹಳೆಯದು. ಸರ್ಕಾರಿ ಹುದ್ದೆಗಳಲ್ಲಿ ತಮಗೆ ತಕ್ಕ ಪಾಲಿಲ್ಲವೆಂದು ಬ್ರಾಹ್ಮಣೇತರ ಮುಖಂಡರು 1918ರಲ್ಲಿ ಮೈಸೂರಿನ ಮಹಾರಾಜ ನಾಲ್ವಡಿ ಕೃಷ್ಣರಾಜ ಒಡೆಯರಲ್ಲಿ ಬಿನ್ನವಿಸಿಕೊಂಡರು. ಮುಖ್ಯ ನ್ಯಾಯಾಧೀಶ ಸರ್ ಲೆಸ್ಲಿ ಮಿಲ್ಲರ್ ಅವರ ಅಧ್ಯಕ್ಷತೆಯಲ್ಲಿ ಸಮಿತಿಯೊಂದು ನೇಮಕವಾಯಿತು. ದಿವಾನ ವಿಶ್ವೇಶ್ವರಯ್ಯನವರಿಗೆ ಇದು ಸಮ್ಮತವಾಗಲಿಲ್ಲ. ವಿದ್ಯೆ ಎಲ್ಲರಿಗೂ ಹರಡಲಿ, ಹುದ್ದೆ ಮಾತ್ರ ಯೋಗ್ಯತೆಗೆ ಸಲ್ಲಲಿ ಎಂಬುದು ಅವರ ನಿಲುವು. ಅವರು ಅಧಿಕಾರವನ್ನೇ ಬಿಟ್ಟು ನಡೆದರು. ಅಂಥ ಮಹನೀಯರ ಅಂಜಿಕೆಯನ್ನು ಹಗುರವಾಗಿ ತಳ್ಳಿಹಾಕುವಂತಿಲ್ಲ.

ಆದರೆ 1919ರ ಸಮಿತಿಯ ವರದಿ ಆ ಅಂಜಿಕೆಗೆ ನೇರವಾಗಿಯೇ ಉತ್ತರ ಕೊಟ್ಟಿತು. ದಕ್ಷತೆಯನ್ನು ಪರೀಕ್ಷೆಯ ಯೋಗ್ಯತೆಯೊಂದರಿಂದಲೇ ಅಳೆಯಲಾಗದು. ಸಹಾನುಭೂತಿ, ಪ್ರಾಮಾಣಿಕತೆ, ಉತ್ಸಾಹ, ವ್ಯವಹಾರಜ್ಞಾನ ಇವೂ ಒಳ್ಳೆಯ ಅಧಿಕಾರಿಯನ್ನು ರೂಪಿಸುತ್ತವೆ ಎಂಬುದು ಅದರ ತಾತ್ಪರ್ಯ. ಏಳು ವರ್ಷಗಳೊಳಗೆ ಮೇಲಿನ ಹುದ್ದೆಗಳಲ್ಲಿ ಅರ್ಧದಷ್ಟು, ಕೆಳಗಿನವುಗಳಲ್ಲಿ ಮೂರರಲ್ಲಿ ಎರಡು ಪಾಲು ಹಿಂದುಳಿದವರಿಗೆ ದೊರೆಯಬೇಕೆಂದು ಅದು ಶಿಫಾರಸು ಮಾಡಿತು. ಹುದ್ದೆಯೊಡನೆ ವಿದ್ಯೆಗೂ ನೆರವು ಬೇಕೆಂಬುದನ್ನು ಅದು ಮರೆಯಲಿಲ್ಲ. 1921ರಲ್ಲಿ ಸರ್ಕಾರದ ಆಜ್ಞೆ ಹೊರಟಿತು.

ವಿವಾದ ಅಲ್ಲಿಗೆ ಮುಗಿಯಲಿಲ್ಲ. ಮೈಸೂರು ರಾಜ್ಯ ಕಾಲೇಜು ಪ್ರವೇಶದಲ್ಲಿ ಶೇಕಡ 68ರಷ್ಟು ಸ್ಥಾನಗಳನ್ನು ಕಾಯ್ದಿರಿಸಿದ ಆಜ್ಞೆಯನ್ನು 1962ರಲ್ಲಿ ಸರ್ವೋಚ್ಚ ನ್ಯಾಯಾಲಯ ಬಾಲಾಜಿ ಮೊಕದ್ದಮೆಯಲ್ಲಿ ರದ್ದುಮಾಡಿತು. ಜಾತಿಯೊಂದೇ ಹಿಂದುಳಿದಿರುವಿಕೆಯ ಅಳತೆಗೋಲಾಗದು ಎಂದಿತು. ದೇವರಾಜ ಅರಸರ ಕಾಲದಲ್ಲಿ ರಚಿತವಾದ ಹಾವನೂರ ಆಯೋಗವು ಇದೇ ಅಳತೆಗೋಲನ್ನು ಅರಸುತ್ತ 1975ರಲ್ಲಿ ವರದಿ ಒಪ್ಪಿಸಿತು. ಪ್ರಮಾಣ ಎಷ್ಟು, ಯಾರಿಗೆ ಎಂಬ ಚರ್ಚೆ ನಡೆಯಬೇಕಾದದ್ದೇ.

ನಾನು ತರಗತಿಯಲ್ಲಿ ಹೇಳಿದ್ದಿಷ್ಟೆ: ತಾಲ್ಲೂಕು ಕಚೇರಿಯ ಮುಂದೆ ಅರ್ಜಿ ಹಿಡಿದು ನಿಂತವನ ಕಷ್ಟ ಅರಿಯದವನ ಅಂಕಪಟ್ಟಿ ಎಷ್ಟು ಉಜ್ವಲವಾಗಿದ್ದರೇನು? ಆ ಕಷ್ಟವನ್ನು ಮನೆಯಲ್ಲೇ ಕಂಡು ಬಂದವರು ಮೇಜಿನ ಆಚೆ ಕುಳಿತರೆ ದಕ್ಷತೆ ಕುಂದುವುದೋ, ಬೆಳೆಯುವುದೋ?

ಹುಡುಗನು ಒಪ್ಪಿದನೋ ಇಲ್ಲವೋ, ಮೌನವಾಗಿ ಕುಳಿತನು. ಹಿಂದಿನ ಬೆಂಚಿನ ಹುಡುಗಿ ಮಾತ್ರ ತಲೆಯೆತ್ತಿ ನೋಡುತ್ತಿದ್ದಳು.