ಎನ್‌ಫೀಲ್ಡ್ ಕೋವಿಯ ತೋಟಾ: ಒಂದು ಆಯುಧರಚನೆಯ ಸಮಸ್ಯೆ

1857ರ ಮಹಾಕ್ಷೋಭೆಯನ್ನು ಕುರಿತು ಬರೆದವರೆಲ್ಲರೂ ಕೊಬ್ಬು ಸವರಿದ ತೋಟಾದ ಪ್ರಸ್ತಾಪವನ್ನು ಮಾಡಿಯೇ ಮಾಡುತ್ತಾರೆ. ದನದ ಕೊಬ್ಬು, ಹಂದಿಯ ಕೊಬ್ಬು, ಹಿಂದೂ ಮುಸಲ್ಮಾನ ಸಿಪಾಯಿಗಳ ಕೆರಳಿಕೆ, ಇಷ್ಟನ್ನು ಶಾಲೆಯ ಮಕ್ಕಳೂ ಬಲ್ಲರು. ಆದರೆ ಆ ತೋಟಾಕ್ಕೆ ಕೊಬ್ಬನ್ನು ಸವರಬೇಕಾಗಿ ಬಂದುದಾದರೂ ಏಕೆ, ಅದನ್ನು ಹಲ್ಲಿನಿಂದ ಕಚ್ಚಬೇಕಾಗಿದ್ದುದು ಏಕೆ, ಪರೀಕ್ಷೆಗಳೆಲ್ಲ ಮುಗಿದ ಮೇಲೂ ದೋಷವು ಯಾರ ಕಣ್ಣಿಗೂ ಬೀಳದೆ ಉಳಿದುದು ಹೇಗೆ ಎಂಬ ಪ್ರಶ್ನೆಗಳನ್ನು ಎತ್ತಿದವರು ವಿರಳ. ಮೇಲ್ನೋಟಕ್ಕೆ ಇವು ಕೋವಿ ಮಾಡುವ ಕಾರ್ಖಾನೆಯ ಪ್ರಶ್ನೆಗಳು. ಇತಿಹಾಸಕಾರನಿಗೆ ಸೇರಿದವಲ್ಲವೆಂದು ತೋರಬಹುದು. ಆದರೂ ಇವುಗಳ ಉತ್ತರವಿಲ್ಲದೆ ಆ ವರ್ಷದ ಮೊದಲ ನಾಲ್ಕು ತಿಂಗಳುಗಳ ನಡವಳಿ ಅರ್ಥವಾಗುವುದಿಲ್ಲ.

ಕಂಪನಿಯ ಸಿಪಾಯಿಯು ಅದುವರೆಗೆ ಹಿಡಿಯುತ್ತಿದ್ದ ಬಂದೂಕಿನ ನಳಿಗೆಯ ಒಳಮೈ ನುಣುಪಾದುದು. ಅದರ ಬಾಯಿ ಸುಮಾರು ಮುಕ್ಕಾಲು ಅಂಗುಲ. ಅದಕ್ಕೆ ಹಾಕುವ ಗುಂಡು ಅದಕ್ಕಿಂತ ಸಾಕಷ್ಟು ಸಣ್ಣದು. ಸಡಿಲವಾದ ಗುಂಡು ಸಲೀಸಾಗಿ ಇಳಿಯುತ್ತಿತ್ತು, ಅಷ್ಟೇ ಸಲೀಸಾಗಿ ಗುರಿಯನ್ನೂ ತಪ್ಪುತ್ತಿತ್ತು. 100 ಗಜದಾಚೆ ನಿಂತ ಒಬ್ಬ ಮನುಷ್ಯನಿಗೆ ಏಟು ತಗಲಿದರೆ ಅದು ಹೊಡೆದವನ ಕೌಶಲಕ್ಕಿಂತ ಅವನ ಅದೃಷ್ಟದ ಫಲವೆನ್ನಬೇಕು. ನಳಿಗೆಯೊಳಗೆ ಸುರುಳಿಯಾಗಿ ಗೀರುಗಳನ್ನು ಕೊರೆದರೆ ಗುಂಡು ತಿರುಗುತ್ತ ಹೊರಟು ನೆಟ್ಟಗೆ ಹೋಗುವುದೆಂಬ ಸಂಗತಿ ಬಹುಕಾಲದಿಂದ ತಿಳಿದಿತ್ತು. ತೊಡಕಿದ್ದುದು ತುಂಬುವುದರಲ್ಲಿ. ಗುಂಡು ಗೀರುಗಳನ್ನು ಕಚ್ಚಿಕೊಳ್ಳಬೇಕಾದರೆ ಬಿಗಿಯಾಗಿರಬೇಕು; ಬಿಗಿಯಾಗಿದ್ದರೆ ಬಾಯಿಯಿಂದ ಬುಡದವರೆಗೆ ಬಡಿದು ಇಳಿಸಬೇಕು. ಬೇಟೆಗಾರನಿಗೆ ಅಷ್ಟು ವ್ಯವಧಾನವುಂಟು, ಸಾಲಿನಲ್ಲಿ ನಿಂತು ಕಾದಾಡುವ ಸೈನಿಕನಿಗಿಲ್ಲ.

ಫ್ರೆಂಚ್ ಅಧಿಕಾರಿ ಮಿನಿಯೆ 1849ರಲ್ಲಿ ಇದಕ್ಕೆ ಒಂದು ಉಪಾಯವನ್ನು ಕಂಡುಕೊಂಡನು. ಅವನ ಗುಂಡು ಉದ್ದನೆಯದು, ತುದಿ ಚೂಪು, ಬುಡ ಟೊಳ್ಳು. ಇಳಿಯುವಾಗ ಅದು ಸಡಿಲ. ಮದ್ದು ಹೊತ್ತಿದಾಗ ಅನಿಲದ ಒತ್ತಡದಿಂದ ಬುಡದ ಸೀಸ ಅರಳಿ ಗೀರುಗಳನ್ನು ಹಿಡಿದುಕೊಳ್ಳುತ್ತದೆ. ಇದೇ ತತ್ತ್ವವನ್ನು ಅನುಸರಿಸಿ ಇಂಗ್ಲೆಂಡಿನಲ್ಲಿ 1853ರ ಮಾದರಿಯ ಎನ್‌ಫೀಲ್ಡ್ ಕೋವಿ ಹುಟ್ಟಿತು. ಅದರ ನಳಿಗೆಯ ವ್ಯಾಸ 0.577 ಅಂಗುಲ, ಗುಂಡಿನದು 0.568 ಅಂಗುಲ. ನಡುವೆ ಉಳಿದ ಎಡೆ ಒಂದು ಅಂಗುಲದ ನೂರನೆಯ ಒಂದು ಪಾಲಿಗೂ ಕಡಮೆ.

ಈ ಕೂದಲೆಳೆಯ ಎಡೆಯೇ ಮುಂದಿನ ಅನರ್ಥಕ್ಕೆಲ್ಲ ಬೀಜ. ಕರಿಮದ್ದು ಉರಿದಾಗ ಅದರ ತೂಕದ ಅರ್ಧಕ್ಕಿಂತ ಹೆಚ್ಚು ಭಾಗ ಅನಿಲವಾಗದೆ ಕಿಟ್ಟವಾಗಿ ಉಳಿಯುತ್ತದೆ. ನಾಲ್ಕಾರು ಏಟು ಹಾರಿಸುವಷ್ಟರಲ್ಲಿ ಈ ಕಿಟ್ಟ ನಳಿಗೆಯ ಒಳಮೈಗೆ ಹತ್ತಿ ಗಟ್ಟಿಯಾಗುತ್ತದೆ. ಹಳೆಯ ಬಂದೂಕಿನಲ್ಲಿ ಲೆಕ್ಕಕ್ಕೇ ಬಾರದಿದ್ದ ಇದು ಎನ್‌ಫೀಲ್ಡಿನಲ್ಲಿ ಗುಂಡಿನ ದಾರಿಯನ್ನೇ ಕಟ್ಟಿಬಿಡುತ್ತದೆ. ಪ್ರತಿ ಗುಂಡಿನೊಡನೆಯೂ ಜಿಡ್ಡು ಇಳಿದು ಕಿಟ್ಟವನ್ನು ಮೆದುಗೊಳಿಸಿದರೆ ಮಾತ್ರ ಮುಂದಿನ ಗುಂಡು ಇಳಿದೀತು. ಆದ್ದರಿಂದ ಗುಂಡನ್ನು ಕಾಗದದಲ್ಲಿ ಸುತ್ತಿ, ಆ ಕಾಗದದ ಹೊರಮೈಯನ್ನು ಕರಗಿದ ಕೊಬ್ಬು ಮತ್ತು ಜೇನುಮೇಣಗಳ ಮಿಶ್ರಣದಲ್ಲಿ ಅದ್ದಲಾಯಿತು. ಕೊಬ್ಬು ಜಾರಿಸುವುದಕ್ಕೆ, ಮೇಣ ಕೊಬ್ಬನ್ನು ನಿಲ್ಲಿಸುವುದಕ್ಕೆ.

ತೋಟಾದ ರಚನೆಯನ್ನು ಇಲ್ಲಿ ತುಸು ಗಮನಿಸಬೇಕು. ಅದು ಕಾಗದದ ಒಂದು ಕೊಳವೆ. ಒಂದು ಕೊನೆಯಲ್ಲಿ ಮದ್ದು, ಇನ್ನೊಂದರಲ್ಲಿ ತಲೆಕೆಳಗಾಗಿ ಇರಿಸಿದ ಗುಂಡು. ಸೈನಿಕನು ಒಂದು ಕೈಯಿಂದ ಕೋವಿಯನ್ನು ಹಿಡಿದು, ಇನ್ನೊಂದರಿಂದ ತೋಟಾವನ್ನು ಬಾಯಿಗೆ ಒಯ್ದು, ಮದ್ದಿನ ಕೊನೆಯನ್ನು ಹಲ್ಲಿನಿಂದ ಹರಿದು, ಮದ್ದನ್ನು ಸುರಿದು, ಬಳಿಕ ತೋಟಾವನ್ನು ತಿರುಗಿಸಿ ಗುಂಡನ್ನು ಅದರ ಜಿಡ್ಡಿನ ಕಾಗದದೊಡನೆಯೇ ನಳಿಗೆಯ ಬಾಯಿಗಿಟ್ಟು, ಉಳಿದ ಕಾಗದವನ್ನು ಕಿತ್ತೆಸೆದು, ಕೋಲಿನಿಂದ ಒತ್ತಬೇಕು. ಎಂದರೆ ಹಲ್ಲು ತಗಲುವ ಕೊನೆ ಬೇರೆ, ಜಿಡ್ಡು ಇರುವ ಕೊನೆ ಬೇರೆ! ಕಾಗದದ ಮೇಲೆ ರಚನೆ ನಿರ್ದೋಷವಾಗಿಯೇ ಇತ್ತು. ಆದರೆ ಕಟ್ಟಿನಲ್ಲಿ ಒತ್ತೊತ್ತಾಗಿ ಜೋಡಿಸಿದ ತೋಟಾಗಳಲ್ಲಿ, ಹಿಂದೂಸ್ಥಾನದ ಬೇಸಗೆಯಲ್ಲಿ, ಕೊಬ್ಬು ತನಗೆ ಗೊತ್ತುಮಾಡಿದ ಎಡೆಯಲ್ಲಿಯೇ ನಿಲ್ಲುವುದೆಂದು ಯಾರು ತಾನೆ ಹೊಣೆಯಾದಾರು? ಅಲ್ಲದೆ ಮಡಿಯ ವಿಷಯದಲ್ಲಿ ಒಂದೇ ವಸ್ತುವಿನ ಈ ಕೊನೆ ಆ ಕೊನೆ ಎಂಬ ಭೇದ ನಡೆಯುವುದೂ ಇಲ್ಲ.

ಬಿಸಿಲಿನ ಅಂಶವನ್ನು ತಜ್ಞರು ಮರೆತಿರಲಿಲ್ಲ. 1853ರಲ್ಲಿಯೇ ಜಿಡ್ಡಿನ ತೋಟಾಗಳು ಹವೆಯ ಪರೀಕ್ಷೆಗೆಂದು ಇಲ್ಲಿಗೆ ಬಂದವು. ಸಿಪಾಯಿಗಳು ಅವನ್ನು ತಿಂಗಳುಗಟ್ಟಲೆ ಚೀಲದಲ್ಲಿ ಹೊತ್ತು ತಿರುಗಿದರು. ಬಳಿಕ ಅವನ್ನು ಪರಿಶೀಲನೆಗಾಗಿ ಇಂಗ್ಲೆಂಡಿಗೆ ಹಿಂದಕ್ಕೆ ಕಳುಹಿಸಲಾಯಿತು. ಹೊತ್ತವರಾರೂ ಆಕ್ಷೇಪಿಸಲಿಲ್ಲವೆಂಬುದು ಆಮೇಲೆ ಅಧಿಕಾರಿಗಳ ಸಮಾಧಾನವಾಯಿತು. ಚೀಲದಲ್ಲಿ ಹೊರುವುದಕ್ಕೂ ಬಾಯಲ್ಲಿ ಕಚ್ಚುವುದಕ್ಕೂ ಇರುವ ಅಂತರವನ್ನು ಆ ಪರೀಕ್ಷೆ ಅಳೆಯಲೇ ಇಲ್ಲ. ಜಿಡ್ಡು ಕರಗಿತೆ, ಮದ್ದು ಕೆಟ್ಟಿತೆ ಎಂಬುದಷ್ಟೇ ಅದರ ಪ್ರಶ್ನೆ. ಎಚ್ಚರಿಕೆ ಬರಲಿಲ್ಲವೆಂದೂ ಅಲ್ಲ. ಬಂಗಾಳ ಸೈನ್ಯದ ಹಿರಿಯ ಅಧಿಕಾರಿ ಕರ್ನಲ್ ಟಕರ್ ಅದೇ ವರ್ಷದ ಡಿಸೆಂಬರಿನಲ್ಲಿ, ಈ ಜಿಡ್ಡು ಜಾತಿಧರ್ಮಗಳಿಗೆ ಬಾಧಕವಲ್ಲವೆಂದು ಖಚಿತವಾಗುವವರೆಗೆ ಇವನ್ನು ಐರೋಪ್ಯ ದಳಗಳಿಗೆ ಮಾತ್ರ ಕೊಡತಕ್ಕದ್ದೆಂದು ಬರೆದಿದ್ದನು. ಆ ಪತ್ರ ಕಚೇರಿಯಿಂದ ಕಚೇರಿಗೆ ಸಾಗಿತು, ರಚನೆಯಲ್ಲಿ ಬದಲಾವಣೆಯಾಗಲಿಲ್ಲ.

1856ರಲ್ಲಿ ಕಲ್ಕತ್ತೆಯ ಫೋರ್ಟ್ ವಿಲಿಯಂ ಕೋಟೆಯ ಆಯುಧಾಗಾರದಲ್ಲಿ ತೋಟಾದ ತಯಾರಿಕೆ ಮೊದಲಾಯಿತು. ಕೊಬ್ಬನ್ನು ಒದಗಿಸಿದವನು ಗುತ್ತಿಗೆದಾರ. ಅದು ಯಾವ ಪ್ರಾಣಿಯದಾಗಿರಬೇಕೆಂದು ಕರಾರಿನಲ್ಲಿ ಕಟ್ಟುಪಾಡಿರಲಿಲ್ಲ. ಆಕ್ಷೇಪಾರ್ಹವಾದ ಕೊಬ್ಬು ಸೇರದಂತೆ ವಿಶೇಷವಾದ ಎಚ್ಚರಿಕೆಯನ್ನೇನೂ ವಹಿಸಿರಲಿಲ್ಲವೆಂದು ಮರುವರ್ಷದ ವಿಚಾರಣೆಯಲ್ಲಿ ಆಯುಧ ಇಲಾಖೆಯ ಮುಖ್ಯಸ್ಥನೇ ಒಪ್ಪಿಕೊಂಡನು. ಹೀಗಾಗಿ ಸಿಪಾಯಿಯ ಶಂಕೆಯನ್ನು ಮೂಢನಂಬಿಕೆಯೆಂದು ತಳ್ಳಿಹಾಕುವಂತಿಲ್ಲ. ಅವನ ಪ್ರಶ್ನೆಗೆ ಸರಕಾರದ ಬಳಿ ಪ್ರಾಮಾಣಿಕವಾದ ಉತ್ತರವಿರಲಿಲ್ಲ.

1857ರ ಜನವರಿಯಲ್ಲಿ ಕಲ್ಕತ್ತೆಯ ಬಳಿಯ ಡಮ್‌ಡಮ್ಮಿನಲ್ಲಿ ನಡೆದ ಪ್ರಸಂಗ ಪ್ರಸಿದ್ಧವಾದುದು. ಆಯುಧಾಗಾರದ ಕೂಲಿಯೊಬ್ಬನು ಬ್ರಾಹ್ಮಣ ಸಿಪಾಯಿಯ ಲೋಟದಿಂದ ನೀರನ್ನು ಕೇಳಿದನು. ಸಿಪಾಯಿ ಮೈಲಿಗೆಯ ಮಾತೆತ್ತಿ ನಿರಾಕರಿಸಲು, ದನಹಂದಿಗಳ ಕೊಬ್ಬನ್ನು ಕಚ್ಚಲಿರುವ ನಿನಗೆ ಇನ್ನೆಲ್ಲಿಯ ಜಾತಿ ಎಂದು ಕೂಲಿ ಹಂಗಿಸಿದನು. ತಯಾರಿಕೆಯ ರಹಸ್ಯ ಹೊರಬಿದ್ದುದು ತಜ್ಞರ ವರದಿಯಿಂದಲ್ಲ, ಬಾಯಾರಿದವನ ನಾಲಗೆಯಿಂದ.

ಆ ಮೇಲಿನ ಪರಿಹಾರಗಳು ಒಂದಾದಮೇಲೊಂದು ಬಂದವು, ಎಲ್ಲವೂ ತಡವಾಗಿ. ಸಿಪಾಯಿಗಳು ತಮಗೆ ಒಪ್ಪುವ ಜಿಡ್ಡನ್ನು ಪೇಟೆಯಲ್ಲಿ ಕೊಂಡು ತಾವೇ ಸವರಿಕೊಳ್ಳಬಹುದೆಂದು ಜನವರಿಯ ಕೊನೆಯಲ್ಲಿ ಆಜ್ಞೆಯಾಯಿತು. ಅಷ್ಟರಲ್ಲಿ ಶಂಕೆ ಕೊಬ್ಬಿನಿಂದ ಕಾಗದಕ್ಕೆ ಹಾರಿತ್ತು. ಅದು ಹೊಳೆಯುತ್ತದೆ, ಸುಟ್ಟರೆ ಜಿಡ್ಡಿನ ವಾಸನೆ ಬರುತ್ತದೆ ಎಂದು ಬಾರಕ್‌ಪುರದ ಸಿಪಾಯಿಗಳು ವಿಚಾರಣೆಯಲ್ಲಿ ಹೇಳಿದರು. ಹಲ್ಲಿನ ಬದಲು ಕೈಯಿಂದ ಹರಿಯಬಹುದೆಂದು ಮಾರ್ಚಿಯಲ್ಲಿ ಕವಾಯತನ್ನೇ ತಿದ್ದಲಾಯಿತು; ತಿದ್ದಿದುದೇ ಮೊದಲಿನ ತಪ್ಪಿಗೆ ಸಾಕ್ಷಿಯೆಂದು ಜನ ತಿಳಿದರು. ಏಪ್ರಿಲ್ 24ರಂದು ಮೀರತ್ತಿನಲ್ಲಿ 90 ಸವಾರರ ಪೈಕಿ 85 ಜನ ತೋಟಾವನ್ನು ಮುಟ್ಟಲೊಲ್ಲೆವೆಂದರು. ಅಂದು ಅವರ ಮುಂದೆ ಇಟ್ಟುದು ಹೊಸ ಎನ್‌ಫೀಲ್ಡಿನ ತೋಟಾವಲ್ಲ, ಅವರು ಮೊದಲಿನಿಂದ ಬಳಸುತ್ತಿದ್ದ ಹಳೆಯ ಬಗೆಯದೇ. ಮೇ 9ರಂದು ಅವರಿಗೆ ಸಂಕೋಲೆ ತೊಡಿಸಿದರು. ಮರುದಿನ ಮೀರತ್ ಹೊತ್ತಿ ಉರಿಯಿತು.

ಅಯೋಧ್ಯಾ ಪ್ರಾಂತದ ಅಪಹರಣ, ಕಡಲಾಚೆಯ ಚಾಕರಿಯ ನಿರ್ಬಂಧ ಮೊದಲಾದ ಕಾರಣಗಳನ್ನು ಬಿಟ್ಟು ತೋಟಾವೊಂದನ್ನೇ ಹೊಣೆಮಾಡುವುದು ಸಲ್ಲದು. ದಂಗೆ ಹರಡಿದಂತೆ ಆಯುಧದ ಪ್ರಶ್ನೆ ಸೈನ್ಯವನ್ನು ದಾಟಿ ಹಳ್ಳಿಗೂ ಬಂದಿತು. ಜನರನ್ನು ನಿರಾಯುಧರನ್ನಾಗಿಸುವ ಶಾಸನವನ್ನು ಒಪ್ಪದೆ ಮುಧೋಳ ಸಂಸ್ಥಾನದ ಹಲಗಲಿಯ ಬೇಡರು ಅದೇ ನವೆಂಬರಿನಲ್ಲಿ ತಿರುಗಿಬಿದ್ದರು. ಅವರ ಲಾವಣಿಯನ್ನು ಫ್ಲೀಟ್ ಸಾಹೇಬನು ಸಂಗ್ರಹಿಸಿ ಅಚ್ಚುಮಾಡಿಸಿರುವುದನ್ನು ವಾಚಕರು ಬಲ್ಲರು.

ಎನ್‌ಫೀಲ್ಡಿನ ದೋಷ ಕೊನೆಗೆ ತಿದ್ದಿತು. 1859ರಲ್ಲಿ ಗುಂಡಿನ ವ್ಯಾಸವನ್ನು 0.55 ಅಂಗುಲಕ್ಕೆ ಇಳಿಸಿ, ಬುಡದಲ್ಲಿ ಬೆಣೆಯಿಟ್ಟು, ಜಿಡ್ಡಿನಲ್ಲಿ ಜೇನುಮೇಣಕ್ಕೆ ಪ್ರಾಧಾನ್ಯವಿತ್ತರು. ಎಡೆ ದೊಡ್ಡದಾದುದರಿಂದ ಕಿಟ್ಟದ ಬಾಧೆ ತಗ್ಗಿತು. 1866ರಲ್ಲಿ ಅಮೆರಿಕದ ಸ್ನೈಡರನ ಯೋಜನೆಯಂತೆ ಅದೇ ಕೋವಿಗಳನ್ನು ಹಿಂದಿನಿಂದ ತುಂಬುವಂತೆ ಮಾರ್ಪಡಿಸಿದ ಮೇಲೆ ಕಚ್ಚುವ ಪ್ರಸಂಗವೇ ಇಲ್ಲವಾಯಿತು. ಆದರೆ ದಂಗೆ ಅಡಗಿದ ಬಳಿಕ ಭಾರತೀಯ ದಳಗಳಿಗೆಂದು ಮಾಡಿಸಿದ 1859ರ ಮಾದರಿಯ ಕೋವಿ ಹೊರಗೆ ಎನ್‌ಫೀಲ್ಡನ್ನೇ ಹೋಲುತ್ತಿತ್ತು. ಅದರ ನಳಿಗೆಯ ಒಳಗೆ ಮಾತ್ರ ಗೀರುಗಳಿರಲಿಲ್ಲ.