ಹತ್ತನೆಯವರು ಸೇರಿದ ದಿನ

ಹಾವೇರಿಯಿಂದ ಹುಬ್ಬಳ್ಳಿ ಕಡೆ ರಾಷ್ಟ್ರೀಯ ಹೆದ್ದಾರಿ 48ರಲ್ಲಿ ಹೊರಟವರು ಗೊಟಗೋಡಿಯಲ್ಲಿ ಗಾಡಿ ನಿಲ್ಲಿಸಲು ಎರಡು ಕಾರಣಗಳಿವೆ: ಉತ್ಸವ ರಾಕ್ ಗಾರ್ಡನ್ ಮತ್ತು 2011ರಲ್ಲಿ ಸ್ಥಾಪನೆಯಾದ ಜಾನಪದ ವಿಶ್ವವಿದ್ಯಾಲಯ. ಜನ ನಿಂತ ಕಡೆ ಚಹಾದಂಗಡಿ, ಖಾನಾವಳಿ, ವಸತಿಗೃಹಕ್ಕೆ ಗಿರಾಕಿ ಇದ್ದೇ ಇರುತ್ತದೆ. ಅವಕ್ಕೆ ಕೆಲಸಗಾರರೂ ಬೇಕು. ಯಾರಿಗೆ ಎಷ್ಟು ಪಗಾರ ಅನ್ನುವುದು ಮಾಲಕರಿಗೆ ಬಾಯಿಪಾಠ. ಪಗಾರದ ಬೆನ್ನಿಗೆ ಬರುವ ಕಾಯ್ದೆಯ ಖರ್ಚು ಮಾತ್ರ ಎಷ್ಟೋ ಮಂದಿಗೆ ನೋಟಿಸು ಬಂದ ಮೇಲೆಯೇ ತಿಳಿಯುತ್ತದೆ.

ಲೆಕ್ಕಕ್ಕೆ ಒಂದು ಖಾನಾವಳಿ ಇಟ್ಟುಕೊಳ್ಳೋಣ. ತಲೆಗೆ ತಿಂಗಳಿಗೆ 15,000 ರೂ. ಒಂಬತ್ತು ಮಂದಿಯಿದ್ದರೆ ಪಗಾರ 1,35,000 ರೂ. ಹತ್ತನೆಯವರು ಸೇರಿದರೆ ನೌಕರರ ರಾಜ್ಯ ವಿಮೆ (ಇಎಸ್‌ಐ) ಬರುತ್ತದೆ. 21,000 ರೂ.ವರೆಗೆ ಪಗಾರ ಇರುವವರಿಗೆ ಮಾಲಕರ ಪಾಲು ಶೇ 3.25, ಕೆಲಸಗಾರರದು ಶೇ 0.75; 2019ರ ಜುಲೈ 1ರಿಂದ ಇದೇ ದರ. ತಲೆಗೆ 487.50 ರೂ.ನಂತೆ ಹತ್ತು ಮಂದಿಗೆ 4,875 ರೂ. ಅಂದರೆ ಹತ್ತನೆಯವರ ಖರ್ಚು 15,000 ಅಲ್ಲ, 19,875.

ಗ್ರಾಚ್ಯುಟಿಯೂ ಹತ್ತಕ್ಕೇ ಶುರು. ಕೊನೆಯ ಪಗಾರವನ್ನು 26ರಿಂದ ಭಾಗಿಸಿ, 15ರಿಂದ ಗುಣಿಸಿ, ಸೇವೆಯ ವರ್ಷಗಳಿಂದ ಮತ್ತೆ ಗುಣಿಸಬೇಕು. 15,000 ರೂ.ಗೆ ವರ್ಷಕ್ಕೆ 8,654 ರೂ., ಹತ್ತು ವರ್ಷ ದುಡಿದು ಬಿಟ್ಟವರಿಗೆ 86,538 ರೂ. ಇದು ತಿಂಗಳಾ ಕಟ್ಟುವ ಹಣವಲ್ಲವಾದ್ದರಿಂದ ಯಾವ ವಹಿಯಲ್ಲೂ ಕಾಣುವುದಿಲ್ಲ. ಹಳೆಯ ಅಡುಗೆಯವರು ಕೆಲಸ ಬಿಟ್ಟ 30 ದಿನದೊಳಗೆ ಒಮ್ಮೆಲೇ ಕೊಡಬೇಕಾಗುತ್ತದೆ.

ಹತ್ತೊಂಬತ್ತರಿಂದ ಇಪ್ಪತ್ತಕ್ಕೆ ಹೋಗುವುದೇ ನಿಜವಾದ ಏರು. ಇಪ್ಪತ್ತಕ್ಕೆ ಭವಿಷ್ಯನಿಧಿ (ಪಿಎಫ್) ಶುರು; ಅದಕ್ಕೆ ಮಾಲಕರ ಪಾಲು ಶೇ 12. ವಿಮೆ, ಆಡಳಿತ ವೆಚ್ಚದ ತಲಾ ಶೇ 0.5 ಸೇರಿ ಶೇ 13. ತಲೆಗೆ 1,950, ಇಪ್ಪತ್ತು ಮಂದಿಗೆ 39,000 ರೂ. ಇಪ್ಪತ್ತನೆಯವರ ಪಗಾರ, ಅವರ ಇಎಸ್‌ಐ, ಎಲ್ಲರ ಪಿಎಫ್ ಕೂಡಿಸಿದರೆ ಆ ತಿಂಗಳು ಹೆಚ್ಚಿದ ಖರ್ಚು 54,487.50 ರೂ. ಇದರ ಮೇಲೆ ಶೇ 8.33ರ ಬೋನಸ್ಸು ಬೇರೆ.

ಇಷ್ಟು ನೋಡಿದವರಿಗೆ ಹೊಳೆಯುವ ಉಪಾಯ ಒಂದೇ: ಹಾಜರಿ ಪುಸ್ತಕದಲ್ಲಿ ಹತ್ತೊಂಬತ್ತೇ ಹೆಸರು ಬರೆಯುವುದು. ಗಲ್ಲಾದ ಕೆಳಗಿನ ಆ ನೂರು ಪುಟದ ನೋಟ್‌ಬುಕ್ಕನ್ನು ಬಲ್ಲವರು ಬಲ್ಲರು. ಎಡಕ್ಕೆ ಹೆಸರು, ನಡುವೆ ದಿನಕ್ಕೊಂದು ಗೀಟು, ಬಲತುದಿಗೆ ಪೆನ್ಸಿಲ್ಲಿನಲ್ಲಿ ಉಚಲು. ಪಾತ್ರೆ ತೊಳೆಯುವ ಹೆಣ್ಣುಮಗಳು ‘ಅರ್ಧ ದಿನದವಳು’ ಎಂದು, ಗುತ್ತಿಗೆದಾರ ಕಳಿಸಿದ ಹುಡುಗರು ‘ನಮ್ಮವರಲ್ಲ’ ಎಂದು ಅದರಲ್ಲಿ ಇರುವುದಿಲ್ಲ. ಭವಿಷ್ಯನಿಧಿಯವರ ಎಣಿಕೆಯಲ್ಲಿ ಇಬ್ಬರೂ ಇದ್ದಾರೆ. ಒಮ್ಮೆ ಕಾಯ್ದೆಯ ವ್ಯಾಪ್ತಿಗೆ ಬಂದ ಮೇಲೆ ಒಬ್ಬರನ್ನು ಬಿಡಿಸಿದರೂ ಹೊರಬರಲಾಗದು.

ತಡವಾದರೆ? ಎರಡೂ ಕಡೆಯ ಪಾಲು ಸೇರಿ ಇಪ್ಪತ್ತು ಮಂದಿಯ ಒಂದು ತಿಂಗಳ ಪಿಎಫ್ 75,000 ರೂ. ಮುಂದಿನ ತಿಂಗಳ 15ರೊಳಗೆ ಕಟ್ಟಬೇಕು. ಆರು ತಿಂಗಳು ತಡವಾದರೆ ವರ್ಷಕ್ಕೆ ಶೇ 12ರಂತೆ ಬಡ್ಡಿ 4,500. 2024ರ ಜೂನ್‌ನಲ್ಲಿ ತಿಂಗಳಿಗೆ ಶೇ 1ಕ್ಕೆ ನಿಗದಿಯಾದ ದಂಡ ಇನ್ನೂ 4,500. ಕೆಲಸಗಾರರ ಪಾಲು ಮುರಿದುಕೊಂಡು ಕಟ್ಟದೇ ಇದ್ದರೆ ಅದು ಬಾಕಿಯಷ್ಟೇ ಅಲ್ಲ, ನಂಬಿಕೆದ್ರೋಹದ ಅಪರಾಧ.

2025ರ ನವೆಂಬರ್ 21ರಿಂದ ನಾಲ್ಕು ಕಾರ್ಮಿಕ ಸಂಹಿತೆಗಳು ಜಾರಿಗೆ ಬಂದಿವೆ. ಪಗಾರವನ್ನು ‘ಮೂಲ 6,000, ಭತ್ಯೆ 9,000’ ಎಂದು ಒಡೆದು ತೋರಿಸಿ ಲೆಕ್ಕ ತಗ್ಗಿಸುವ ಹಳೆಯ ಜಾಣತನಕ್ಕೆ ಅಲ್ಲಿ ಮಿತಿ ಬಿದ್ದಿದೆ: ಭತ್ಯೆ ಅರ್ಧಕ್ಕಿಂತ ಹೆಚ್ಚಿದ್ದರೆ ಆ ಹೆಚ್ಚುವರಿಯೂ ವೇತನವೇ. ಮೇಲಿನ ಉದಾಹರಣೆಯಲ್ಲಿ 7,500 ರೂ. ಹಿಡಿಯಬೇಕು. ನಿಗದಿತ ಅವಧಿಗೆ ನೇಮಿಸಿಕೊಂಡವರಿಗೆ ಉಳಿದವರಂತೆ ಐದು ವರ್ಷ ಕಾಯದೆ, ಒಂದು ವರ್ಷದ ಸೇವೆಗೇ ಗ್ರಾಚ್ಯುಟಿ.

ಇನ್ನು ‘ನಮ್ಮಲ್ಲಿ ಇರೋರೇ ಆರು ಮಂದಿ, ನಮಗ್ಯಾವ ಕಾಯ್ದೆ ರೀ’ ಎನ್ನುವವರ ವಿಚಾರ. ನನ್ನ ಲೆಕ್ಕದಲ್ಲಿ ಎಲ್ಲಕ್ಕಿಂತ ದೊಡ್ಡ ಮೊತ್ತ ಕೂತಿರುವುದು ಇವರ ತಲೆಯ ಮೇಲೆ. ಶಿಗ್ಗಾವಿಯಿಂದ ಸಿಮೆಂಟ್ ಹೇರಿಕೊಂಡು ಬರುವ ಟೆಂಪೊ ಚಾಲಕ, ವಯಸ್ಸು 30, ಪಗಾರ 15,000, ಕೆಲಸದ ಮೇಲಿರುವಾಗ ಅಪಘಾತದಲ್ಲಿ ತೀರಿಕೊಂಡರೆ ಪರಿಹಾರದ ಸೂತ್ರ ಹೀಗಿದೆ: ಪಗಾರದ ಅರ್ಧ 7,500, ಅದಕ್ಕೆ ಆ ವಯಸ್ಸಿನ ಗುಣಕ 207.98. ಮೊತ್ತ 15,59,850 ರೂ. ಚಾಲಕನ ವಯಸ್ಸು 40 ಆದರೆ ಗುಣಕ 184.17, ಮೊತ್ತ 13,81,275. ಇಲ್ಲಿ ಹತ್ತು–ಇಪ್ಪತ್ತರ ಗೆರೆಯಿಲ್ಲ, ಒಬ್ಬರೇ ಇದ್ದರೂ ಕೊಡಬೇಕು. ತಿಂಗಳೊಳಗೆ ಕೊಡದಿದ್ದರೆ ಶೇ 12 ಬಡ್ಡಿ, ಜೊತೆಗೆ ಮೊತ್ತದ ಅರ್ಧದವರೆಗೂ ದಂಡ ಬೀಳಬಹುದು. ಹಿರಿಯರನ್ನು ಕೂಡಿಸಿ ಮನೆಯವರ ಕೈಗೆ ಎರಡು ಲಕ್ಷ ಇಟ್ಟು ಮುಗಿಸುವ ರಾಜಿಗೆ ಕಾಯ್ದೆಯ ಮುಂದೆ ಬೆಲೆಯಿಲ್ಲ.

ಇದೇ ಚಾಲಕ ಇಎಸ್‌ಐನಲ್ಲಿ ಇದ್ದಿದ್ದರೆ ಈ ಹೊಣೆ ಮಾಲಕರಿಂದ ಇಎಸ್‌ಐ ನಿಗಮಕ್ಕೆ ಹೋಗುತ್ತಿತ್ತು. ಪಗಾರದ ಶೇ 90 ಅವಲಂಬಿತರಿಗೆ ತಿಂಗಳಾ ಸಿಗುತ್ತಿತ್ತು. ತಿಂಗಳಿಗೆ 487.50 ರೂ.ನಂತೆ ಕಟ್ಟಿದರೆ 15,59,850 ಆಗಲು 266 ವರ್ಷಕ್ಕೂ ಹೆಚ್ಚು ಬೇಕು. ಹತ್ತನೆಯವರನ್ನು ಸೇರಿಸಿಕೊಳ್ಳಲು ಹಿಂಜರಿಯುವವರು ಈ ಎರಡು ಅಂಕಿಗಳನ್ನು ಅಕ್ಕಪಕ್ಕ ಬರೆದು ನೋಡಲಿ.

ಹತ್ತರೊಳಗಿನವರಿಗೆ ಉಳಿದ ದಾರಿ ವಿಮಾ ಕಂಪನಿಯ ಕಾರ್ಮಿಕ ಪರಿಹಾರ ಪಾಲಿಸಿ. ಮಾಡಿಸುವಾಗ ಕ್ಲೀನರ್, ಹಮಾಲರನ್ನೂ ಸೇರಿಸಿ, ಪಗಾರ ಇದ್ದಷ್ಟೇ ಬರೆಸಿ. ಕಂತು ಇಳಿಸಲೆಂದು 15,000ವನ್ನು 8,000 ಎಂದು ಬರೆಸಿದರೆ, ಅಪಘಾತವಾದಾಗ ಕಂಪನಿ 8,000ದ ಲೆಕ್ಕ ಹಿಡಿಯಬಹುದು. ಪರಿಹಾರ ಮಾತ್ರ 15,000ದ ಮೇಲೆಯೇ ನಿರ್ಧಾರವಾಗುತ್ತದೆ.